ಮೆಟ್ಟಿಲ ಮಾತು ಬಿಡಿ, ಕೊನೆಯ ಹಾಡಿನ ಬಗ್ಗೆ ಬರೆಯಿರಿ

ನಮಸ್ಕಾರ,

ಸೂಜಿಯಿಟ್ಟು ಕೇಳುವ ವಿನೈಲ್ ರೆಕಾರ್ಡಿನ ಧ್ವನಿಗೆ ಜೀವ ಇದೆ, ಡಿಜಿಟಲ್‌ಗೆ ಇಲ್ಲ ಅನ್ನುವ ನಿಮ್ಮ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ.

ಸಿ.ಡಿ. ಧ್ವನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ ಎಂದು ಬರೆದಿದ್ದೀರಿ. ನಿಮ್ಮ ವಾದವೆಲ್ಲ ನಿಂತಿರುವುದು ಇದರ ಮೇಲೆ. ಎಲ್ಲ ಕಡೆ ಓಡಾಡುವ ಮಾತು, ಆದರೆ ತಪ್ಪು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಳತೆ ಇರುತ್ತದೆ. 20,000 ಹರ್ಟ್ಜ್‌ವರೆಗಿನ (ಸೆಕೆಂಡಿಗೆ 20,000 ಕಂಪನದವರೆಗಿನ) ಅಲೆಯನ್ನು ನುಣುಪಾಗಿ ಮತ್ತೆ ಕಟ್ಟಲು ಅಷ್ಟು ಸಾಕು. ಮನುಷ್ಯರ ಕಿವಿಯ ಮಿತಿಯೂ ಹೆಚ್ಚುಕಡಿಮೆ ಅಲ್ಲಿಗೇ. ಪ್ಲೇಯರಿನಿಂದ ಹೊರಬರುವ ಸಿಗ್ನಲ್‌ನಲ್ಲಿ ಮೆಟ್ಟಿಲುಗಳು ಇರುವುದಿಲ್ಲ.

ಹಾಗಂತ ನಿಮ್ಮ ಕಿವಿ ಸುಳ್ಳು ಹೇಳಿತು ಅನ್ನುತ್ತಿಲ್ಲ. ಒಂದೇ ಆಲ್ಬಮ್ ರೆಕಾರ್ಡಿನಲ್ಲೂ ಸಿ.ಡಿ.ಯಲ್ಲೂ ಕೇಳಿದಿರಿ, ವ್ಯತ್ಯಾಸ ಕೇಳಿಸಿತು. ಆದರೆ ಎರಡಕ್ಕೂ ಮಾಸ್ಟರಿಂಗ್, ಅಂದರೆ ಹೊರತರುವ ಮುನ್ನ ಧ್ವನಿಯನ್ನು ಕೊನೆಯದಾಗಿ ಹದ ಮಾಡುವ ಕೆಲಸ, ಒಂದೇ ಆಗಿತ್ತಾ? ಎಷ್ಟೋ ಸಿ.ಡಿ.ಗಳಲ್ಲಿ ಎಲ್ಲವನ್ನೂ ಜೋರು ಮಾಡಿ ಮೇಲಕ್ಕೆ ಒತ್ತಿರುತ್ತಾರೆ. ರೆಕಾರ್ಡಿಗೆ ಗೆರೆ ಕತ್ತರಿಸುವಾಗ ಆಳದ ಬೇಸ್ ಅನ್ನು ಎಡ-ಬಲ ಸ್ಪೀಕರುಗಳ ನಡುವಿಗೆ ತರುತ್ತಾರೆ, ಚೂಪು ‘ಸ’ಕಾರಗಳನ್ನು ತಗ್ಗಿಸುತ್ತಾರೆ. ವಾಲ್ಯೂಮ್ ಸಮ ಮಾಡಿಕೊಂಡಿದ್ದಿರಾ? ಸ್ವಲ್ಪವೇ ಜಾಸ್ತಿ ಇದ್ದರೂ ಅದೇ ಚೆನ್ನಾಗಿ ಕೇಳಿಸುತ್ತದೆ. ನಿಮ್ಮ ಲೇಖನದಲ್ಲಿ ಇದಕ್ಕೆಲ್ಲ ಒಂದು ಸಾಲೂ ಇಲ್ಲ. ಇನ್ನು, ಇವತ್ತಿನ ಬಹಳಷ್ಟು ರೆಕಾರ್ಡುಗಳನ್ನು ಕತ್ತರಿಸುವುದೇ ಡಿಜಿಟಲ್ ಫೈಲಿನಿಂದ. ಅಮೆರಿಕದ ಒಂದು ಹೆಸರಾಂತ ರೆಕಾರ್ಡ್ ಕಂಪನಿ ತನ್ನ ದುಬಾರಿ ರೆಕಾರ್ಡುಗಳ ತಯಾರಿಯಲ್ಲಿ ಡಿಜಿಟಲ್ ಹಂತ ಬಳಸುತ್ತಿದ್ದದ್ದು 2022ರಲ್ಲಿ ಬಯಲಾಯಿತು. ಅಲ್ಲಿಯವರೆಗೆ ಅವನ್ನು ಅಪ್ಪಟ ಅನಲಾಗ್ (ಎಲ್ಲೂ ಡಿಜಿಟಲ್ ಸೋಕದ್ದು) ಎಂದು ಕೊಂಡಾಡಿದವರು ಕಡಿಮೆಯೇನಲ್ಲ!

ಈಗ ನನಗೆ ಇಷ್ಟವಾದ ಜಾಗ. ಮೂರನೇ ಪುಟದಲ್ಲಿ, ರೆಕಾರ್ಡಿನ ಒಂದು ಬದಿಯ ಕೊನೆಯ ಹಾಡಿನಲ್ಲಿ ದನಿ ಒರಟಾಯಿತು, ‘ಸ’ ಬಂದಾಗಲೆಲ್ಲ ಚರ್ ಅಂತು ಎಂದಿದ್ದೀರಿ. ಆಮೇಲೆ ‘ಬಹುಶಃ ನನ್ನ ಸೂಜಿ ಹಳೆಯದು’ ಅಂತ ಸುಮ್ನೆ ಮುಂದೆ ಹೋಗಿಬಿಟ್ಟಿರಿ. ಸೂಜಿ ಹೊಸದಾಗಿದ್ದರೂ ಆ ಸದ್ದು ಬರಬಹುದಿತ್ತು. ಎಲ್.ಪಿ. (ಪೂರ್ತಿ ಆಲ್ಬಮ್ ಇರುವ ದೊಡ್ಡ ರೆಕಾರ್ಡು) ಸುತ್ತುವುದು ನಿಮಿಷಕ್ಕೆ 33⅓ ಸಲ, ಮೊದಲಿಂದ ಕೊನೆಯವರೆಗೂ ಅಷ್ಟೇ. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿಯುತ್ತದೆ. ನಡುವಿನ ಲೇಬಲ್ ಹತ್ತಿರ ಬಂದಾಗ 21 ಮಾತ್ರ. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು, ಸೂಜಿ ಆ ಇಕ್ಕಟ್ಟಿನ ತಿರುವುಗಳನ್ನು ಹಿಡಿಯಲಾರದು. ಅದಕ್ಕೇ ಕೆಲವರು ಬದಿಯ ಕೊನೆಗೆ ಮೆಲುದನಿಯ ಹಾಡು ಇಡುತ್ತಿದ್ದರು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ, ಅಲ್ವಾ?

‘ಬೆಚ್ಚನೆಯ ಧ್ವನಿ’ ಪುಟಪುಟದಲ್ಲೂ ಇದೆ. ತೆಗೆದುಹಾಕಿ, ಯಾವ ವಾದ್ಯ ಹೇಗೆ ಬೇರೆಯಾಗಿ ಕೇಳಿಸಿತು ಅಂತ ಬರೆಯಿರಿ. ನಿಮ್ಮ ರೆಕಾರ್ಡು ಯಾವ ವರ್ಷದ ಪ್ರೆಸ್ಸಿಂಗ್ (ಯಾವಾಗ ಅಚ್ಚಾದದ್ದು) ಅನ್ನುವುದನ್ನೂ ಸೇರಿಸಿ. ಉದ್ದ ಈಗಿನ ಅರ್ಧ ಸಾಕು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಸಂಪಾದಕ