ಓದುಗರು ಕೇಳಿದ್ದಾರೆ: ಅಗತ್ತಿಗೆ ಪುಟ್ಟ ವಿಮಾನ

ಪ್ರಶ್ನೆ: ಲಕ್ಷದ್ವೀಪದ ಅಗತ್ತಿಗೆ ಟಿಕೆಟ್ ಹುಡುಕಿದಾಗಲೆಲ್ಲ ‘ಭರ್ತಿ’ ಎಂದು ಬರುತ್ತದೆ. ಹೋಗಿಬಂದವರು ನೋಡಿದರೆ ಹಲವು ಸೀಟು ಖಾಲಿಯೇ ಇದ್ದವು ಅನ್ನುತ್ತಾರೆ. ಇದೆಂಥ ಲೆಕ್ಕ? – ಓದುಗರು, ಹಾಸನ

ಉತ್ತರ: ಅಲ್ಲಿ ನಡೆಯುವುದು ಸೀಟಿನ ಲೆಕ್ಕವಲ್ಲ, ತೂಕದ ಲೆಕ್ಕ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್, ಅದರಾಚೆ ಸಮುದ್ರ. ಬೆಂಗಳೂರು, ಕೊಚ್ಚಿಗಳಿಂದ ಹೋಗುವ ಎಟಿಆರ್ 72 (ಎರಡು ಪ್ರೊಪೆಲ್ಲರ್ ಎಂಜಿನ್ನಿನ ಪುಟ್ಟ ವಿಮಾನ) ಪೂರ್ತಿ ಭಾರದಲ್ಲಿ, ಅಂದರೆ ತನ್ನ ತೂಕವೂ ಸೇರಿ 23 ಟನ್ ಇದ್ದರೆ ಅಷ್ಟು ಓಟ ಸಾಲದು. ಓಡುವಾಗ ಒಂದು ಎಂಜಿನ್ ಕೈಕೊಟ್ಟರೆ ರನ್‌ವೇ ಮುಗಿಯುವುದರೊಳಗೆ ನಿಲ್ಲಬೇಕು, ಇಲ್ಲವೇ ಉಳಿದೊಂದರಲ್ಲೇ ಮೇಲೇಳಬೇಕು. ಎರಡಕ್ಕೂ ಜಾಗ ಸಾಲುವಷ್ಟೇ ಭಾರ ಹಾಕುತ್ತಾರೆ. ಬಿಸಿಲೇರಿ ಗಾಳಿ ತೆಳುವಾದರೆ, ನೆಲ ಒದ್ದೆಯಾದರೆ, ಎದುರುಗಾಳಿ ಬಿದ್ದುಹೋದರೆ ಇನ್ನೂ ಕಡಿಮೆ.

ಇಂಧನದ್ದು ಬೇರೆಯೇ ಪೇಚು. ಲಕ್ಷದ್ವೀಪದಲ್ಲಿ ಇರುವುದೇ ಇದೊಂದು ವಿಮಾನ ನಿಲ್ದಾಣ. ಮೋಡ ಕವಿದು ಇಳಿಯಲಾಗದಿದ್ದರೆ ದಡದ ಊರಿಗೇ ವಾಪಸ್ಸು ಬರಬೇಕು, ಅಷ್ಟು ಇಂಧನ ಹೊತ್ತೇ ಹೊರಡಬೇಕು. ಎಟಿಆರ್ ಗಂಟೆಗೆ ಹೆಚ್ಚುಕಮ್ಮಿ 700 ಕಿಲೋ ಕುಡಿಯುತ್ತದೆ. ತಲೆಗೆ ಕೈಚೀಲ ಸೇರಿ 75 ಕಿಲೋ ಹಿಡಿಯಿರಿ: ಒಂದು ಗಂಟೆಯ ಹೆಚ್ಚುವರಿ ಇಂಧನಕ್ಕೆ ಒಂಬತ್ತು ಮಂದಿಯ ಜಾಗ ಹೋಯಿತು.

ಹೀಗಾಗಿ ಕೆಲವೊಮ್ಮೆ ಜನ ಹೋಗುತ್ತಾರೆ, ಲಗೇಜು ಹಿಂದೆ ಉಳಿಯುತ್ತದೆ. ಔಷಧಿ, ಒಂದು ಜೊತೆ ಬಟ್ಟೆ, ದ್ವೀಪ ಪ್ರವೇಶದ ಪರವಾನಗಿ ಕೈಚೀಲದಲ್ಲೇ ಇರಲಿ. ಚೀಲ ಮೆತ್ತನೆಯದಾದರೆ ಒಳ್ಳೆಯದು. ಚಕ್ರದ ಗಟ್ಟಿ ಪೆಟ್ಟಿಗೆಗೆ ಎಟಿಆರ್‌ನ ತಲೆಮೇಲಿನ ಗೂಡು ಚಿಕ್ಕದು. ಪರವಾನಗಿ ಇಲ್ಲದೆ ಟಿಕೆಟ್ ಒಂದನ್ನೇ ಹಿಡಿದು ಹೋಗುವುದು ವ್ಯರ್ಥ.

ಪ್ರಶ್ನೆ: ಇದೇ ಎಟಿಆರ್ ಹತ್ತುವಾಗ ಬಲಗಡೆ ಎಂಜಿನ್ ಗುಯ್‌ಗುಡುತ್ತಿತ್ತು, ಆದರೆ ಅದರ ಪ್ರೊಪೆಲ್ಲರ್ ಅಲುಗುತ್ತಿರಲಿಲ್ಲ. ಕೆಟ್ಟಿತ್ತೇ? ಬಾಲದಡಿ ಒಂದು ಕೋಲು ಬೇರೆ ಕೊಟ್ಟಿದ್ದರು. – ಓದುಗರು, ಉಡುಪಿ

ಉತ್ತರ: ಕೆಟ್ಟಿರಲಿಲ್ಲ. ದೊಡ್ಡ ಜೆಟ್‌ಗಳ ಬಾಲದಲ್ಲಿ ನೆಲದ ಮೇಲಿನ ಕರೆಂಟು, ಏಸಿಗೆಂದೇ ಪುಟ್ಟ ಎಂಜಿನ್ ಇರುತ್ತದೆ. ಎಟಿಆರ್‌ನಲ್ಲಿ ಅದಿಲ್ಲ. ಬದಲಿಗೆ ಬಲ ಎಂಜಿನ್ನಿನ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸುತ್ತಾರೆ. ಇದಕ್ಕೆ ‘ಹೋಟೆಲ್ ಮೋಡ್’ ಎಂದು ಹೆಸರು. ಜನ ಹತ್ತುವುದು ಎಡಬದಿಯಿಂದ, ಅಲ್ಲಿಯ ಎಂಜಿನ್ ಆರಿರುತ್ತದೆ.

ಕೋಲಿನ ವಿಷಯಕ್ಕೆ ಬಂದರೆ, ಈ ವಿಮಾನದ ಬಾಗಿಲು ಹಿಂದುಗಡೆ. ಹತ್ತಿದವರೆಲ್ಲ ಹಿಂದೆಯೇ ಗುಂಪುಗಟ್ಟಿದರೆ ಮೂಗು ಮೇಲೆದ್ದು ಬಾಲ ನೆಲಕ್ಕೆ ಬಡಿಯುತ್ತದೆ. ಅದಕ್ಕೇ ಆ ಊರುಗೋಲು. ಹೊರಡುವ ಮುನ್ನ ತೆಗೆಯುತ್ತಾರೆ. ‘ಬೇರೆ ಸಾಲಿಗೆ ಹೋಗಿ’ ಎಂದು ಸಿಬ್ಬಂದಿ ಎಬ್ಬಿಸುವುದೂ ಸಮತೋಲಕ್ಕಾಗಿಯೇ. ಮುನಿಸಿಕೊಳ್ಳಬೇಡಿ, ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸಿದರೆ ನಿಮಗೇ ಲಾಭ: ಪ್ರೊಪೆಲ್ಲರಿನ ಸದ್ದು ಜಾಸ್ತಿ ಇರುವುದು ಮುಂಭಾಗದಲ್ಲಿ. ರೆಕ್ಕೆ ಕಿಟಕಿಗಳಿಗಿಂತ ಮೇಲಿರುವುದರಿಂದ ಕೆಳಗಿನ ಹಸಿರು ಲಗೂನು (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು) ರೆಕ್ಕೆಯಿಂದ ಮರೆಯಾಗದು.

ಪ್ರಶ್ನೆ: ಬರುವಾಗ ಕೊಬ್ಬರಿ ತರಬಹುದೇ? – ಓದುಗರು, ತಿಪಟೂರು

ಉತ್ತರ: ತಿಪಟೂರಿನವರು ಕೊಬ್ಬರಿಗೆ ಅಲ್ಲಿಗೇಕೆ ಹೋಗಬೇಕು! ತರುವಂತಿಲ್ಲ. ಎಣ್ಣೆ ತುಂಬಿದ ಒಣ ಕೊಬ್ಬರಿ ತಾನಾಗಿ ಕಾವೇರುವ ಸರಕುಗಳ ಪಟ್ಟಿಯಲ್ಲಿದೆ. ಹವಳದ ಚೂರನ್ನೂ ಮುಟ್ಟಬೇಡಿ, ಅದು ಕಾನೂನಿನ ಪ್ರಕಾರ ಅಪರಾಧ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.