ಇವೊ ಮೇಲೋ, ಎಸ್‌ಟಿಐ ಮೇಲೋ?

ಕಾರು ಓಡಿಸುವವರ ಪ್ರಶ್ನೆಗಳಿಗೆ, ರ‍್ಯಾಲಿ ತಂಡಗಳ ಸರ್ವಿಸ್ ಡೇರೆಯಲ್ಲಿ ಬಹಳ ಕಾಲ ಸ್ಪ್ಯಾನರ್ ಹಿಡಿದಿದ್ದ ಅಂಕಣಕಾರರ ಉತ್ತರ

ಪ್ರಶ್ನೆ: ಸರ್, ಗೆಳೆಯನಿಗೂ ನನಗೂ ಆರು ತಿಂಗಳಿಂದ ವಾದ ನಡೆದಿದೆ. ಅವನು ಮಿತ್ಸುಬಿಷಿ ಲ್ಯಾನ್ಸರ್ ಇವಲ್ಯೂಷನ್, ಅಂದರೆ ಇವೊ ಪಕ್ಷ, ನಾನು ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಪಕ್ಷ. ಕಾಗದದ ಮೇಲೆ ನೋಡಿದರೆ ಎರಡೂ ಎರಡು ಲೀಟರಿನ ಟರ್ಬೊ, ಎರಡರಲ್ಲೂ ನಾಲ್ಕು ಚಕ್ರಗಳಿಗೂ ಶಕ್ತಿ, ಎರಡೂ 280 ಅಶ್ವಶಕ್ತಿ. ಹಾಗಾದರೆ ಓಡಿಸುವಾಗ ವ್ಯತ್ಯಾಸವಿರುವುದು ಎಲ್ಲಿ? ಎರಡೂ ಚೆನ್ನಾಗಿವೆ ಎಂದು ಜಾರಿಕೊಳ್ಳದೆ ಒಂದನ್ನು ಆರಿಸಿ ಹೇಳಿ.

ಉತ್ತರ: ಜಾರಿಕೊಳ್ಳುವುದಿಲ್ಲ. ಆದರೆ ಮೊದಲು ಆ 280 ಎಂಬ ಅಂಕಿಯನ್ನು ನಿಮ್ಮ ವಾದದಿಂದ ಹೊರಗೆ ಹಾಕಿ. ಜಪಾನಿನ ಕಾರು ತಯಾರಕರು ಅದಕ್ಕಿಂತ ಹೆಚ್ಚಿನ ಶಕ್ತಿಯನ್ನು ಜಾಹೀರು ಮಾಡುವುದಿಲ್ಲ ಎಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದರು. 2004ರವರೆಗೂ ಆ ಒಪ್ಪಂದ ನಡೆಯಿತು. 1996ರ ನಾಲ್ಕನೇ ಇವೊ 280, ಅದಾದ ಮೇಲಿನ ಐದನೆಯದೂ 280, ಆರನೆಯದೂ 280. ಪ್ರತಿ ಸಲವೂ ಎಂಜಿನ್ ತಿದ್ದುತ್ತಿದ್ದರು, ಅಂಕಿ ಮಾತ್ರ ಗೋಡೆಗೆ ಹೊಡೆದ ಮೊಳೆಯಂತೆ ಅಲ್ಲೇ ಇರುತ್ತಿತ್ತು.

ಎರಡು ಲೀಟರ್ ಎಂಬುದರಲ್ಲೂ ಒಂದು ಗುಟ್ಟಿದೆ. ಇವೊದ ಹಳೆಯ 4ಜಿ63 ಎಂಜಿನ್ನಿನಲ್ಲಿ ಸಿಲಿಂಡರಿನ ಅಗಲ 85 ಮಿಲಿಮೀಟರ್, ಪಿಸ್ಟನ್ ಓಡುವ ದೂರ 88 ಮಿಲಿಮೀಟರ್. ಸುಬಾರುವಿನ ಇಜೆ20 ಎಂಜಿನ್ನಿನಲ್ಲಿ ಅಗಲ 92, ಓಟ ಬರೀ 75. ಓಟ ಉದ್ದವಿರುವುದರಿಂದ ಇವೊ ನಡುವೇಗದಲ್ಲಿಯೇ ಬೆನ್ನಿಗೆ ಕೈಕೊಟ್ಟು ತಳ್ಳುತ್ತದೆ. ಎರಡು ಲೀಟರಿನ ಸುಬಾರು ಎಂಜಿನ್ ನಿಧಾನವಾಗಿ ಸುತ್ತುವಾಗ ಸ್ವಲ್ಪ ತೂಕಡಿಸಿ, ಸುತ್ತು ಏರಿದಂತೆ ಎಚ್ಚರಗೊಳ್ಳುತ್ತದೆ. ಹೊರದೇಶಗಳಿಗೆ ಕಳಿಸಿದ ಎಸ್‌ಟಿಐಗೆ ಮುಂದೆ ಎರಡೂವರೆ ಲೀಟರಿನ ಎಂಜಿನ್ ಕೂರಿಸಿದ ಮೇಲೆ ಈ ತೂಕಡಿಕೆ ಬಹಳಮಟ್ಟಿಗೆ ಹೋಯಿತು.

ಇನ್ನು ತಿರುವಿಗೆ ಬರುತ್ತೇನೆ. ಒಮ್ಮೆ ಒಂದೇ ಮಧ್ಯಾಹ್ನ, ಒಂದೇ ಜಲ್ಲಿ ರಸ್ತೆಯಲ್ಲಿ, ಒಂಬತ್ತನೇ ಇವೊ ಮತ್ತು ಎರಡನೇ ತಲೆಮಾರಿನ ಎಸ್‌ಟಿಐ ಎರಡನ್ನೂ ಓಡಿಸುವ ಅವಕಾಶ ಸಿಕ್ಕಿತ್ತು. ಬೆಳಿಗ್ಗೆ ಮಳೆಯಾಗಿತ್ತು. ಉದ್ದನೆಯ ಇಳಿಜಾರು, ಅದರ ಕೊನೆಗೆ ಬಲಕ್ಕೆ ಒಂದು ತಿರುವು. ಒಳಗೆ ಹೋದಂತೆಲ್ಲ ಇನ್ನಷ್ಟು ಬಿಗಿಯಾಗುವ, ಹೊರಗಿನಿಂದ ನೋಡಿದರೆ ಗೊತ್ತಾಗದ ಜಾತಿಯದು.

ಎಸ್‌ಟಿಐಯನ್ನು ಮೊದಲು ತೆಗೆದುಕೊಂಡೆ. ನನಗೆ ಗೊತ್ತಿದ್ದ ಸಂಗತಿಯನ್ನೇ ಮರೆತು ತುಸು ವೇಗವಾಗಿ ಒಳಗೆ ಹೋದೆ. ಸ್ಟೀರಿಂಗ್ ತಿರುಗಿಸಿದರೂ ಮೂಗು ನೇರವಾಗಿ ಹೊರ ಅಂಚಿನತ್ತ ಹೊರಟಿತು. ಕಾರಣ ಸರಳ: ಆ ಎಂಜಿನ್ ಅಡ್ಡಮಲಗಿ ತಗ್ಗಿನಲ್ಲಿದೆ ನಿಜ, ಆದರೆ ಇಡೀ ಎಂಜಿನ್ ಮುಂದಿನ ಆಕ್ಸಲಿಗಿಂತ ಮುಂದೆ ತೂಗುತ್ತದೆ. ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಒತ್ತಿ ಮೂಗನ್ನು ನೆಲಕ್ಕೆ ಕೂರಿಸಿ, ಒಂದು ಉಸಿರಿನಷ್ಟು ಹೊತ್ತು ಕಾದೆ. ಆಮೇಲೆ ಅದು ತಿರುಗಿತು. ತಿರುಗಿದ ಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಹಟ ಮಾಡಲಿಲ್ಲ, ಹಿಂಭಾಗ ಒಂದಿಷ್ಟೇ ಹೊರಗೆ ಸರಿದು ಅಲ್ಲಿಯೇ ನಿಂತಿತು.

ಇವೊದಲ್ಲೂ ಅದೇ ತಪ್ಪನ್ನು, ಈ ಸಲ ಬೇಕೆಂದೇ ಮಾಡಿದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂಗು ಒಳಕ್ಕೆ ನುಗ್ಗಿತು, ನಾನು ಕೇಳಿದ್ದಕ್ಕಿಂತ ತುಸು ಹೆಚ್ಚೇ. ಬೆಚ್ಚಿ ಕಾಲು ಎತ್ತಿದೆ. ಹಿಂಭಾಗ ಸರಕ್ಕನೆ ಹೊರಗೆ ಬಂತು. ಕೈಗಿಂತ ಕಾಲು ಮೊದಲು ಎಚ್ಚೆತ್ತುಕೊಂಡು ಆಕ್ಸಿಲರೇಟರನ್ನು ಮತ್ತೆ ಒತ್ತಿತು ಅನ್ನಿ, ಬಚಾವಾದೆ. ಬೇರೆ ಕಾರಿನಲ್ಲಿ ಹಾಗೆ ಒತ್ತಿದ್ದರೆ ಚರಂಡಿಗೆ ಇಳಿಯುತ್ತಿದ್ದೆ. ಇವೊದ ಹಿಂಬದಿಯಲ್ಲಿರುವ ಎವೈಸಿ ಎಂಬ ಡಿಫರೆನ್ಷಿಯಲ್, ಅಂದರೆ ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆ, ಹೊರಬದಿಯ ಹಿಂಚಕ್ರಕ್ಕೆ ಹೆಚ್ಚು ಬಲ ಕಳಿಸಿ, ಕಾರನ್ನು ತಿರುವಿನ ಒಳಕ್ಕೇ ತಿರುಚುತ್ತದೆ. ಒತ್ತಿದಷ್ಟೂ ಗೆರೆ ಬಿಗಿಯಾಗುತ್ತದೆ! ಮೊದಲ ಸಲ ಇದನ್ನು ನಂಬಲು ಧೈರ್ಯ ಬೇಕು. ನಾಲ್ಕನೇ ಇವೊದಿಂದ ಈ ಯಂತ್ರ ಬಂತು. 2001ರ ಏಳನೆಯದರಲ್ಲಿ ಮುಂದೆ ಹಿಂದೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲನ್ನೂ ಕಂಪ್ಯೂಟರಿನ ವಶಕ್ಕೆ ಕೊಟ್ಟರು. ಹ್ಯಾಂಡ್‌ಬ್ರೇಕ್ ಎಳೆದರೆ ಅದು ತಾನಾಗಿ ಸಡಿಲವಾಗಿ ಹಿಂಚಕ್ರಗಳನ್ನು ಬಿಟ್ಟುಕೊಡುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಬಾಲ ಬೀಸಲೆಂದೇ ಮಾಡಿದ ಏರ್ಪಾಡು ಅದು. ಪೇಟೆಗೆ ಹೋಗಿ ಬರುವ ಸೆಡಾನಿನಲ್ಲಿ ಇಂಥದನ್ನು ಇಟ್ಟವರ ಬಗ್ಗೆ ನನಗೆ ಈಗಲೂ ಪ್ರೀತಿಯಿದೆ.

ಆದ್ದರಿಂದ ವ್ಯತ್ಯಾಸ ಇಷ್ಟೇ: ತಿರುವಿನ ಲೆಕ್ಕವನ್ನು ಇವೊ ತಾನೇ ಹಾಕುತ್ತದೆ, ಎಸ್‌ಟಿಐ ನಿಮ್ಮ ಕೈಯಲ್ಲಿ ಹಾಕಿಸುತ್ತದೆ. ಸ್ಟಾಪ್‌ವಾಚಿನ ಮಾತಾದರೆ ನಿಮ್ಮ ಗೆಳೆಯನೇ ಗೆದ್ದ. ಏಳರಿಂದ ಒಂಬತ್ತರವರೆಗಿನ ಇವೊ, ಗೊತ್ತಿರುವ ಒಣ ರಸ್ತೆಯಲ್ಲಿ, ಅದೇ ಕಾಲದ ಎಸ್‌ಟಿಐಗಿಂತ ಚುರುಕು ಎಂದೇ ನನ್ನ ತೀರ್ಪು. ಹತ್ತನೆಯದು ಇನ್ನೂ ಜಾಣ ಕಾರು, ಆದರೆ ತೂಕ 1,500 ಕಿಲೋ ದಾಟಿತು, ಅದು ಸ್ಟೀರಿಂಗಿನಲ್ಲಿ ತಿಳಿಯುತ್ತದೆ. ಮಂಜು, ಕೆಸರು, ಕತ್ತಲೆ, ಗುರುತಿಲ್ಲದ ದಾರಿ, ಪಕ್ಕದಲ್ಲಿ ಮಲಗಿರುವ ಹೆಂಡತಿ ಇದ್ದರೆ ಮಾತ್ರ ನನಗೆ ಎಸ್‌ಟಿಐ ಕೊಡಿ. ಹಾಂ, ಇಕ್ಕಟ್ಟಾದ ಜಾಗದಲ್ಲಿ ಇವೊವನ್ನು ಹಿಂದಕ್ಕೆ ತಿರುಗಿಸಲು ಹೋಗಬೇಡಿ. ಅದಕ್ಕೆ ಬೇಕಾಗುವ ಅಂಗಳ ಲಾರಿಯನ್ನು ನೆನಪಿಸುತ್ತದೆ.

ಪ್ರಶ್ನೆ: ನನ್ನ ಎಸ್‌ಟಿಐಯಲ್ಲಿ ಗೇರ್ ಪಕ್ಕದ ಡಿಫರೆನ್ಷಿಯಲ್ ಗುಂಡಿಯನ್ನು ಸುರಕ್ಷತೆಗೆಂದು ಯಾವಾಗಲೂ ಪೂರ್ತಿ ಲಾಕ್ ಮಾಡಿಯೇ ಇಟ್ಟಿರುತ್ತೇನೆ. ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಕಾರು ಯಾರೋ ಹಿಡಿದು ಎಳೆದಂತೆ ತಡೆದು ತಡೆದು ಸಾಗುತ್ತದೆ. ಏನಾದರೂ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ನೀವೇ ಕೆಡಿಸುತ್ತಿದ್ದೀರಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ನಡುವಿನ ಡಿಫರೆನ್ಷಿಯಲ್ ಲಾಕ್ ಆಗಿದ್ದರೆ ಆ ವ್ಯತ್ಯಾಸಕ್ಕೆ ದಾರಿಯೇ ಇಲ್ಲ. ಜಲ್ಲಿಯಲ್ಲಾದರೆ ಟೈರ್ ಜಾರಿ ಆ ಬಿಗುವು ಕಳೆಯುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಬಿಗುವೆಲ್ಲ ಗೇರುಗಳ ಮೇಲೆ, ಶಾಫ್ಟುಗಳ ಮೇಲೆ, ರಬ್ಬರಿನ ಮೇಲೆ ಬೀಳುತ್ತದೆ. ಆ ಎಳೆತ ಅದೇ. ದಿನನಿತ್ಯಕ್ಕೆ ಗುಂಡಿ ‘ಆಟೊ’ದಲ್ಲೇ ಇರಲಿ. ಗುಂಡಿಯ ರುಚಿ ನೋಡಬೇಕೆಂದರೆ ಖಾಲಿ ಜಲ್ಲಿ ಮೈದಾನದಲ್ಲಿ ಒಮ್ಮೆ ಪೂರ್ತಿ ಸಡಿಲ ಮಾಡಿ, ಒಮ್ಮೆ ಪೂರ್ತಿ ಬಿಗಿ ಮಾಡಿ, ಒಂದೇ ವೃತ್ತ ಸುತ್ತಿ. ಸಡಿಲವಿದ್ದಾಗ ಬಾಲ ಹಗುರ, ಬಿಗಿಯಿದ್ದಾಗ ಕಾರು ಒಂದೇ ತುಂಡಾಗಿ ಸಾಗುವುದು ಹತ್ತು ನಿಮಿಷದಲ್ಲಿ ಮೈಗೆ ಹತ್ತುತ್ತದೆ.

ಪ್ರಶ್ನೆ: ಸುಬಾರುವಿನ ಆ ದಡಬಡ ಶಬ್ದ ಸೈಲೆನ್ಸರಿನಿಂದ ಬರುವುದೇ? ಹೊಸ ಸೈಲೆನ್ಸರ್ ಹಾಕಿದರೂ ಗೆಳೆಯನ ಕಾರಿನಷ್ಟು ಬರಲಿಲ್ಲ.

ಉತ್ತರ: ಸೈಲೆನ್ಸರ್ ಅದನ್ನು ದೊಡ್ಡದು ಮಾಡಬಲ್ಲದು, ಹುಟ್ಟಿಸಲಾರದು. ಹುಟ್ಟುವುದು ಎಂಜಿನ್ ಅಡಿಯಲ್ಲಿ. ಎಡಬಲಗಳ ಸಿಲಿಂಡರುಗಳಿಂದ ಟರ್ಬೊವರೆಗೆ ಬರುವ ಕೊಳವೆಗಳ ಉದ್ದ ಒಂದೇ ಆಗಿರಲಿಲ್ಲ. ಹೊಗೆಯ ಹೊಡೆತಗಳು ತಾಳ ತಪ್ಪಿ ಬಂದು ಸೇರುತ್ತಿದ್ದವು. ಜಪಾನಿನ ಪೇಟೆಗೆ ಮಾಡಿದ ಮುಂದಿನ ಎರಡು ಲೀಟರ್ ಎಸ್‌ಟಿಐಗಳಲ್ಲಿ ಕೊಳವೆಗಳನ್ನು ಸಮ ಮಾಡಿ, ಹೊಗೆಗೆ ಎರಡು ಬೇರೆ ದಾರಿಗಳಿರುವ ಟ್ವಿನ್ ಸ್ಕ್ರೋಲ್ ಟರ್ಬೊ ಇಟ್ಟರು. ಟರ್ಬೊ ಬೇಗ ತುಂಬಿತು, ಸಂಗೀತ ಅಡಗಿತು. ನಿಮ್ಮದು ಆ ಬಗೆಯದೇ ಇರಬೇಕು. ಶಬ್ದಕ್ಕಾಗಿ ಅದನ್ನು ಬಿಚ್ಚಿ ಹಳೆಯ ಕೊಳವೆ ಹಾಕಿಸುವವರನ್ನೂ ಕಂಡಿದ್ದೇನೆ. ನನ್ನ ಹತ್ತಿರ ತರಬೇಡಿ.

ಪ್ರಶ್ನೆ: ವಿಶ್ವ ರ‍್ಯಾಲಿಯಲ್ಲಿ ಹೆಚ್ಚು ಗೆದ್ದವರು ಯಾರು?

ಉತ್ತರ: ಚಾಲಕರ ಪಟ್ಟದಲ್ಲಿ ಮಿತ್ಸುಬಿಷಿಗೆ ನಾಲ್ಕು, 1996ರಿಂದ 1999ರವರೆಗೆ, ನಾಲ್ಕೂ ಟಾಮಿ ಮ್ಯಾಕಿನೆನ್. ಸುಬಾರುವಿಗೆ ಮೂರು: 1995ರಲ್ಲಿ ಕಾಲಿನ್ ಮೆಕ್ರೇ, 2001ರಲ್ಲಿ ರಿಚರ್ಡ್ ಬರ್ನ್ಸ್, 2003ರಲ್ಲಿ ಪೆಟ್ಟರ್ ಸೋಲ್ಬರ್ಗ್. ತಯಾರಕರ ಪಟ್ಟದಲ್ಲಿ ಸುಬಾರುವಿಗೆ 1995ರಿಂದ ಸಾಲಾಗಿ ಮೂರು, ಮಿತ್ಸುಬಿಷಿಗೆ 1998ರದು ಒಂದೇ. ಆ 1998ರ ಕಥೆ ಕೇಳಿ: ಕೊನೆಯ ರ‍್ಯಾಲಿಯ ಮೊದಲ ದಿನವೇ ಮ್ಯಾಕಿನೆನ್ ಕಾರು ಮುರಿದುಕೊಂಡು ಹೊರಬಿದ್ದಿದ್ದರು. ಪಟ್ಟ ಕಾರ್ಲೋಸ್ ಸೈನ್ಸ್ ಕೈ ಸೇರಿತೆಂದು ಎಲ್ಲರೂ ಅಂದುಕೊಂಡಿರುವಾಗ, ಕಡೆಯ ಹಂತದ ಗುರಿಗೆ ಕೆಲವೇ ನೂರು ಮೀಟರ್ ಇರುವಂತೆ ಅವರ ಟೊಯೊಟಾ ನಿಂತುಹೋಯಿತು. ಮ್ಯಾಕಿನೆನ್ 2002ರಲ್ಲಿ ಸುಬಾರು ಸೇರಿ ಮಾಂಟೆ ಕಾರ್ಲೊ ಗೆದ್ದರು. ಬರ್ನ್ಸ್ ಸುಬಾರುವಿಗೆ ಬಂದದ್ದೇ ಮಿತ್ಸುಬಿಷಿಯಿಂದ. ಪಕ್ಷ ಕಟ್ಟಿಕೊಂಡಿರುವುದು ನೀವೂ ನಿಮ್ಮ ಗೆಳೆಯರೂ ಮಾತ್ರ.

ಪ್ರಶ್ನೆ: ಎರಡೂ ಈಗ ಹೊಸದಾಗಿ ಸಿಗುವುದಿಲ್ಲ. ಹಳೆಯದನ್ನು ನೋಡಲು ಹೋದಾಗ ಏನನ್ನು ಗಮನಿಸಲಿ?

ಉತ್ತರ: ಹೌದು, ಇವೊ 2016ರಲ್ಲಿ ನಿಂತಿತು, ಪೆಟ್ರೋಲ್ ಎಂಜಿನ್ನಿನ ಹೊಸ ಎಸ್‌ಟಿಐ ಬರುವುದಿಲ್ಲ ಎಂದು ಸುಬಾರು 2022ರಲ್ಲಿ ಹೇಳಿತು. ಹಳೆಯದರಲ್ಲಿ ಮೊದಲು ಕೇಳಬೇಕಾದದ್ದು ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ಗಾಳಿ ತುಂಬುವ ಒತ್ತಡ, ಹೆಚ್ಚಿಸಿದ್ದಾರೆಯೇ ಎಂದು. ಎರಡೂವರೆ ಲೀಟರಿನ ಸುಬಾರು ಎಂಜಿನ್ನಿನಲ್ಲಿ ಅಳತೆ ಮೀರಿ ಬೂಸ್ಟ್ ಏರಿಸಿದರೆ ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ತೆಳು ಅಂಚು ಒಡೆಯುತ್ತದೆ. ಪ್ರತಿ ಸಿಲಿಂಡರಿನ ಒತ್ತಡ ಅಳೆಸಿ. ಒಂದು ಮಾತ್ರ ಕಡಿಮೆ ತೋರಿಸಿದರೆ ಅಲ್ಲಿಂದ ಹೊರಡಿ. ಸ್ಪಾರ್ಕ್ ಪ್ಲಗ್ಗುಗಳು ಎರಡೂ ಬದಿಯ ಸಂದಿಯಲ್ಲಿವೆ, ಬೆರಳಿನ ಗೆಣ್ಣು ತರಚದೆ ಅವನ್ನು ತೆಗೆದ ಮೆಕ್ಯಾನಿಕ್ ನನಗೆ ಸಿಕ್ಕಿಲ್ಲ. ಹಾಗಾಗಿ ಬದಲಿಸದೆ ಬಿಟ್ಟಿರುವುದೇ ಹೆಚ್ಚು. ಹಳೆಯ ಇವೊದಲ್ಲಿ ಟೈಮಿಂಗ್ ಬೆಲ್ಟಿನ ಜೊತೆಗೆ, ಎಂಜಿನ್ನಿನ ಅದುರು ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿಗೆಂದು ಇನ್ನೊಂದು ಸಣ್ಣ ಬೆಲ್ಟ್ ಇದೆ. ಅದನ್ನು ಮರೆಯುತ್ತಾರೆ. ಅದು ಹರಿದು ದೊಡ್ಡ ಬೆಲ್ಟಿಗೆ ಸಿಕ್ಕಿಕೊಂಡರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಎವೈಸಿಯ ಎಣ್ಣೆ ಯಾವಾಗ ಬದಲಾಯಿತೆಂಬ ರಸೀದಿಯನ್ನೂ ಕೇಳಿ.

ಮುಖ್ಯವಾಗಿ, ತಣ್ಣಗಿರುವ ಎಂಜಿನ್ನನ್ನು ನಿಮ್ಮ ಎದುರಿನಲ್ಲೇ ಚಾಲೂ ಮಾಡಿಸಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ಕಾಫಿ ಬೇಡವೆಂದು ಹೇಳಿ, ನಾಳೆ ಬೆಳಿಗ್ಗೆ ಹೇಳದೆ ಬನ್ನಿ.