ಕ್ಲೇಟನ್‌ನಲ್ಲಿ ಕೆಲಸ, ಮನೆ ಎಲ್ಲಿ ಹುಡುಕಬೇಕು?

ನೀವು ದಾವಣಗೆರೆಯಿಂದ ಅಕ್ಕಾ ಅಂತ ಕರೆದು ಬರೆದಿದ್ದೀರಿ, ತುಂಬಾ ಸಂತೋಷವಾಯಿತು. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿರುವ ಮೊನಾಶ್ ಮೆಡಿಕಲ್ ಸೆಂಟರ್‌ನಲ್ಲಿ ನಿಮಗೆ ನರ್ಸ್ ಕೆಲಸ ಸಿಕ್ಕಿದೆ. ಯಜಮಾನರು, ಆರು ವರ್ಷದ ಮಗಳು ಜೊತೆಗೆ ಬರುತ್ತಾರೆ. ಸದ್ಯಕ್ಕೆ ಕಾರಿಲ್ಲ. ಟಾರ್ನೀಟ್‌ನಲ್ಲಿ ನಮ್ಮವರು ಜಾಸ್ತಿ, ಬಾಡಿಗೆಯೂ ಕಡಿಮೆ, ಅಲ್ಲೇ ಮನೆ ಹಿಡಿ ಅಂತ ಗೆಳತಿ ಹೇಳುತ್ತಿದ್ದಾರೆ. ಊರಲ್ಲೇ ಕೂತು ಮ್ಯಾಪ್ ನೋಡಿ ತೀರ್ಮಾನ ಮಾಡಬಹುದಾ ಅಂತ ನಿಮ್ಮ ಪ್ರಶ್ನೆ.

ಏರಿಯಾ ಯಾವುದು ಅಂತ ಖಂಡಿತ ತೀರ್ಮಾನ ಮಾಡಬಹುದು. ಮನೆಯನ್ನು ಮಾತ್ರ ಬಂದು ಕಣ್ಣಾರೆ ನೋಡಿಯೇ ಹಿಡಿಯಿರಿ.

ಟಾರ್ನೀಟ್ ಒಳ್ಳೆಯ ಜಾಗ, ಆದರೆ ನಿಮಗಲ್ಲ. ಅದು ಮೆಲ್ಬರ್ನ್‌ನ ಪಶ್ಚಿಮಕ್ಕಿದೆ, ಕ್ಲೇಟನ್ ಆಗ್ನೇಯಕ್ಕಿದೆ. ರೈಲು ಬದಲಿಸಿ, ನಗರದ ಮಧ್ಯ ದಾಟಿ, ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ಹೋಗಬೇಕು. ಬೆಳಿಗ್ಗೆ 7ರ ಶಿಫ್ಟಿಗೆ ಇದು ಆಗುವ ಮಾತಲ್ಲ.

ಗೂಗಲ್ ಮ್ಯಾಪ್ಸ್‌ನಲ್ಲಿ ಹೀಗೆ ಮಾಡಿ. ತಲುಪುವ ಜಾಗಕ್ಕೆ ಆಸ್ಪತ್ರೆಯ ಹೆಸರು ಹಾಕಿ. ಹೊರಡುವ ಜಾಗಕ್ಕೆ ನೀವು ಯೋಚಿಸುತ್ತಿರುವ ಏರಿಯಾದ ಒಂದು ಬೀದಿಯ ಹೆಸರು ಹಾಕಿ, ಸ್ಟೇಷನ್ ಹೆಸರು ಬೇಡ. ರೈಲಿನ ಗುರುತು ಒತ್ತಿ. ಸಮಯ ಹಾಕದೆ ಬಿಟ್ಟರೆ ಅದು ಈಗ ಹೊರಟರೆ ಎಷ್ಟು ಹೊತ್ತು ಅಂತ ಹೇಳುತ್ತದೆ, ಅದರಿಂದ ನಿಮಗೇನೂ ಉಪಯೋಗವಿಲ್ಲ. 'ಅರೈವ್ ಬೈ' (ಇಷ್ಟು ಹೊತ್ತಿಗೆ ತಲುಪಬೇಕು) ಆರಿಸಿ, ಮಂಗಳವಾರ ಬೆಳಿಗ್ಗೆ 6:45 ಅಂತ ಹಾಕಿ. ಆಮೇಲೆ ಅದನ್ನೇ ಭಾನುವಾರಕ್ಕೆ ಹಾಕಿ ನೋಡಿ. ಕೊನೆಗೆ ತಿರುಗಿಸಿ, ಆಸ್ಪತ್ರೆಯಿಂದ ರಾತ್ರಿ 9:45ಕ್ಕೆ ಹೊರಟರೆ ಮನೆ ಮುಟ್ಟುವುದು ಎಷ್ಟಕ್ಕೆ ಅಂತ ನೋಡಿ. ನರ್ಸ್‌ಗಳಿಗೆ ಈ ಮೂರೂ ಹೊತ್ತು ಮುಖ್ಯ. ಹಗಲಲ್ಲಿ ಚೆನ್ನಾಗಿರುವ ಎಷ್ಟೋ ಬಸ್ಸುಗಳು ರಾತ್ರಿ ಬೇಗ ನಿಂತುಬಿಡುತ್ತವೆ, ಭಾನುವಾರ ತಡವಾಗಿ ಶುರುವಾಗುತ್ತವೆ. ಹಾಗಾಗಿ ಬಸ್ಸನ್ನು ನಂಬಿ ಮನೆ ಹಿಡಿಯಬೇಡಿ, ರೈಲನ್ನು ನಂಬಿ.

ರೈಲಿನ ನಕ್ಷೆಯಲ್ಲೂ ಒಂದು ವಿಷಯ ಗಮನಿಸಿ. ಕ್ರ್ಯಾನ್‌ಬರ್ನ್ ಮತ್ತು ಪ್ಯಾಕೆನಮ್ ಎರಡೂ ಲೈನುಗಳು ಡ್ಯಾಂಡಿನಾಂಗ್‌ನಲ್ಲಿ ಕೂಡಿ ಕ್ಲೇಟನ್ ಮೂಲಕ ನಗರಕ್ಕೆ ಹೋಗುತ್ತವೆ. ಡ್ಯಾಂಡಿನಾಂಗ್ ದಾಟಿ ಆಚೆ ಮನೆ ಹಿಡಿದರೆ ಒಂದೇ ಲೈನಿನ ರೈಲು ಸಿಗುತ್ತದೆ, ಈಚೆ ಇದ್ದರೆ ಎರಡರದೂ ಸಿಗುತ್ತದೆ. ಒಂದು ತಪ್ಪಿದರೆ ಇನ್ನೊಂದು ಬೇಗ ಬರುತ್ತದೆ. ಅದಕ್ಕೇ ನಾನು ಹೇಳುವುದು: ಸ್ಪ್ರಿಂಗ್‌ವೇಲ್, ನೋಬಲ್ ಪಾರ್ಕ್, ಡ್ಯಾಂಡಿನಾಂಗ್, ಇಷ್ಟರೊಳಗೆ ಹುಡುಕಿ. ಕ್ಲೇಟನ್‌ನಲ್ಲೇ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಯೂನಿವರ್ಸಿಟಿ ಹುಡುಗರೂ ಅಲ್ಲೇ ಹುಡುಕುತ್ತಾರೆ. ನಮ್ಮವರು ಇರಬೇಕು ಅನ್ನುವ ಆಸೆ ನನಗೂ ಅರ್ಥವಾಗುತ್ತದೆ. ಡ್ಯಾಂಡಿನಾಂಗ್ ಸ್ಟೇಷನ್ ಪಕ್ಕದ ಫಾಸ್ಟರ್ ಸ್ಟ್ರೀಟ್‌ಗೆ ಲಿಟಲ್ ಇಂಡಿಯಾ ಅಂತಲೇ ಹೆಸರು. ತೊಗರಿಬೇಳೆ, ಹುಣಸೆಹಣ್ಣಿಗೆ ಪರದಾಡಬೇಕಿಲ್ಲ.

ಇನ್ನು ನನ್ನ ಅನುಭವ ಹೇಳುತ್ತೇನೆ. ನಮ್ಮ ಮೊದಲ ಮನೆಯ ಜಾಹೀರಾತಿನಲ್ಲಿ ಸ್ಟೇಷನ್ 600 ಮೀಟರ್ ಅಂತಿತ್ತು. ಮ್ಯಾಪಿನಲ್ಲೂ ಪಕ್ಕದಲ್ಲೇ ಕಾಣುತ್ತಿತ್ತು. ಸಹಿ ಹಾಕಿ ಬಂದು ನೋಡಿದರೆ ನಡುವೆ ಒಂದು ಹಳ್ಳ, ಸೇತುವೆ ಎಲ್ಲೋ ದೂರದಲ್ಲಿ. ದಿನಾ 25 ನಿಮಿಷ ನಡೆಯುತ್ತಿದ್ದೆ. ಜೂನ್ ತಿಂಗಳ ಮಳೆ, ಚಳಿಗಾಳಿಯಲ್ಲಿ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನಡೆದಿದ್ದು ಇವತ್ತಿಗೂ ನೆನಪಿದೆ. ಆ 600 ಮೀಟರ್ ಹಕ್ಕಿ ಹಾರುವ ದೂರ. ನೀವು ನಡೆಯುವ ದಾರಿಯನ್ನೇ ಕೇಳಿ, ಕಿಲೋಮೀಟರ್ ಬಿಟ್ಟು ನಿಮಿಷ ನೋಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಬೀದಿಯ ಫೋಟೋ ತೋರಿಸುವ ಸ್ಟ್ರೀಟ್ ವ್ಯೂನಲ್ಲಿ ಆ ದಾರಿ ಪೂರ್ತಿ ಹೋಗಿ, ಬೀದಿ ದೀಪ, ಫುಟ್‌ಪಾತ್ ಇದೆಯಾ ನೋಡಿ. ಚಿತ್ರ ತೆಗೆದ ತಿಂಗಳು, ವರ್ಷ ಮೂಲೆಯಲ್ಲಿರುತ್ತದೆ, ಅದನ್ನೂ ಗಮನಿಸಿ.

ದಿಕ್ಕಿನ ವಿಷಯ ನಮ್ಮವರು ತುಂಬಾ ಕೇಳುತ್ತಾರೆ. ಇಲ್ಲಿ ಸೂರ್ಯ ಮಧ್ಯಾಹ್ನ ಉತ್ತರದ ಕಡೆ ಇರುತ್ತಾನೆ. ಹಾಲ್‌ನ ಕಿಟಕಿ ಉತ್ತರಕ್ಕಿದ್ದರೆ ಚಳಿಗಾಲದಲ್ಲಿ ಬಿಸಿಲು ಒಳಗೆ ಬರುತ್ತದೆ, ಹೀಟರ್ ಖರ್ಚು ಉಳಿಯುತ್ತದೆ. ದಕ್ಷಿಣಕ್ಕೆ ಮಾತ್ರ ಕಿಟಕಿ ಇರುವ ಮನೆ ತಣ್ಣಗೆ ಕೊರೆಯುತ್ತದೆ. ಸ್ಯಾಟಲೈಟ್ ಚಿತ್ರ ತೆರೆದು ಮನೆಯ ನಕ್ಷೆ ಪಕ್ಕದಲ್ಲಿಟ್ಟರೆ ಇದು ಊರಲ್ಲೇ ಗೊತ್ತಾಗುತ್ತದೆ. ನೈಟ್ ಶಿಫ್ಟ್ ಇದ್ದರೆ ಹಗಲು ಮಲಗಬೇಕಲ್ವಾ, ರೈಲು ಹಳಿ, ದೊಡ್ಡ ರಸ್ತೆ ಕಡೆಗೆ ಮಲಗುವ ಕೋಣೆ ಇರುವ ಮನೆ ಬೇಡ.

ಮಗಳ ಸರ್ಕಾರಿ ಶಾಲೆಗೆ 'ಫೈಂಡ್ ಮೈ ಸ್ಕೂಲ್' ಅನ್ನುವ ಸರ್ಕಾರದ ಮ್ಯಾಪ್ ಇದೆ. ವಿಳಾಸ ಹಾಕಿದರೆ ಯಾವ ಶಾಲೆಯ ವ್ಯಾಪ್ತಿ ಅಂತ ತೋರಿಸುತ್ತದೆ. ಬೀದಿಯ ಆಚೆ ಬದಿ ಬೇರೆ ಶಾಲೆಗೆ ಸೇರಿರಬಹುದು, ಆದ್ದರಿಂದ ಮನೆ ನಂಬರ್ ಸಮೇತ ಹಾಕಿ.

ಬಾಡಿಗೆ ಇಲ್ಲಿ ವಾರದ ಲೆಕ್ಕ. ತಿಂಗಳಿಗೆ ಎಷ್ಟು ಅಂತ ತಿಳಿಯಲು 4ರಿಂದ ಗುಣಿಸಬೇಡಿ. 52ರಿಂದ ಗುಣಿಸಿ 12ರಿಂದ ಭಾಗಿಸಿ. ವಾರಕ್ಕೆ 500 ಡಾಲರ್ ಅಂದರೆ ತಿಂಗಳಿಗೆ 2,000 ಅಲ್ಲ, ಸುಮಾರು 2,167. ಊರಿಂದಲೇ ಯಾರಿಗೂ ಅಡ್ವಾನ್ಸ್ ಕಳಿಸಬೇಡಿ.

ಮೊದಲ ಎರಡು ವಾರ ಕ್ಲೇಟನ್ ಹತ್ತಿರ ಒಂದು ರೂಮು ಮಾಡಿಕೊಳ್ಳಿ. ಮನೆ ಇಷ್ಟವಾದರೆ ಸಹಿ ಹಾಕುವ ಮುಂಚೆ ಒಂದು ರಾತ್ರಿ 10 ಗಂಟೆಗೆ ಸ್ಟೇಷನ್‌ನಿಂದ ಅಲ್ಲಿಯವರೆಗೆ ನಡೆದು ನೋಡಿ. ಒಬ್ಬರೇ ಹೋಗಬೇಡಿ, ನನಗೆ ಹೇಳಿ, ಬರುತ್ತೇನೆ.